ಅತ್ತೆ, ಮಾತ್ರೆ ಬಿಡಬೇಡಿ

ಅತ್ತೆ, ಕುಮಟಾ ಭಾವ, ಇಬ್ಬರೂ ಪೂರ್ತಿ ಕೇಳಿ. "ಹೃದಯಕ್ಕೆ ಮೈಕ್ರೋವೇವ್ ಹಾಯಿಸಿ ಸುಡುತ್ತಾರೆ, ಕ್ಯಾನ್ಸರ್ ಬರುತ್ತದೆ" ಎಂಬ ಸಂದೇಶವನ್ನು ಭಾವ ಬೆಳಿಗ್ಗೆ ಹಾಕಿದ್ದರು. ಅದರ ಕೆಳಗೆ ಅತ್ತೆ, "ಹಾಗಾದರೆ ಅಬ್ಲೇಷನ್ ಬೇಡ, ಮಾತ್ರೆಯನ್ನೂ ಬಿಡುತ್ತೇನೆ" ಎಂದಿದ್ದಾರೆ. ಅಬ್ಲೇಷನ್ ಎಂದರೆ ಹೃದಯಬಡಿತದ ಲಯ ಸರಿಪಡಿಸಲು ಹೃದಯದಲ್ಲಿ ಸಣ್ಣ ಗಾಯ ಮಾಡುವ ಚಿಕಿತ್ಸೆ. ಓದಿದ ಮೇಲೆ ನನಗೆ ಆಸ್ಪತ್ರೆಯ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಮೊದಲು ಮಾತ್ರೆ. ಅತ್ತೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆ ಮಾತ್ರೆಯನ್ನು ಇವತ್ತು ರಾತ್ರಿಯೂ ತೆಗೆದುಕೊಳ್ಳಿ. ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ನಿಮಗಿರುವ ಬಡಿತದ ಲಯ ತಪ್ಪುವ ಕಾಯಿಲೆ, ಇದ್ದವರ ಹೃದಯದ ಮೇಲಿನ ಕೋಣೆ ಕುಗ್ಗುವ ಬದಲು ಬರೀ ನಡುಗುತ್ತದೆ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ಆ ಅಪಾಯ ಉಳಿದವರಿಗಿಂತ ಸುಮಾರು 5 ಪಟ್ಟು ಹೆಚ್ಚು. ಕಳೆದ ಸಲ ಶಿರಸಿಗೆ ಬಂದಾಗ ಜಗಲಿಯಲ್ಲಿ ನಿಮ್ಮ ನಾಡಿ ಹಿಡಿದಿದ್ದೆನಲ್ಲ? ಎರಡು ಬಡಿತ ಅವಸರದಲ್ಲಿ, ಆಮೇಲೆ ಖಾಲಿ, ಮತ್ತೆ ಮೂರು ಒಂದರ ಮೇಲೊಂದು. ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವಾಗ ಅದೇ ಕೈಯ ಲಯ ಒಮ್ಮೆಯೂ ತಪ್ಪುವುದಿಲ್ಲ.

ಇನ್ನು ಸುಡುವ ಮಾತು. ಬೇಸಿಗೆಗೆ ಮುಂಚೆ ಅರಣ್ಯ ಇಲಾಖೆಯವರು ನಮ್ಮ ಬೆಟ್ಟದಂಚಿನಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಸುಟ್ಟು ಬೆಂಕಿ ರೇಖೆ ಮಾಡುತ್ತಾರೆ, ಕಾಳ್ಗಿಚ್ಚು ಅದನ್ನು ದಾಟುವುದಿಲ್ಲ. ಅಬ್ಲೇಷನ್ ಕೂಡ ಅಂಥದ್ದೇ. ಶ್ವಾಸಕೋಶದಿಂದ ಎಡ ಮೇಲ್ಕೋಣೆಗೆ ರಕ್ತ ತರುವ ನಾಳಗಳ ಬಾಯಿಯಿಂದಲೇ ಹೆಚ್ಚಿನ ಸಲ ಅಡ್ಡಾದಿಡ್ಡಿ ವಿದ್ಯುತ್ ಹೊರಡುತ್ತದೆ ಎಂದು 1998ರಲ್ಲಿ ಫ್ರಾನ್ಸಿನ ಬೋರ್ಡೋದ ವೈದ್ಯರು ತೋರಿಸಿದರು. ಆ ಬಾಯಿಯ ಸುತ್ತ ಗಾಯದ ಗೆರೆ ಎಳೆದರೆ ವಿದ್ಯುತ್ ಈಚೆಗೆ ಬರುವುದಿಲ್ಲ. ಅಂಗಾಂಶದ ಬಿಸಿ 50 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಗಾಯವಾಗಲು ಸಾಕು.

ಭಾವ, ಮೈಕ್ರೋವೇವ್ ಬಳಸಿದ್ದು ನಿಜ. 2000ರ ಆಸುಪಾಸಿನಲ್ಲಿ, ಎದೆ ತೆರೆದು ಮಾಡುವ ಶಸ್ತ್ರಚಿಕಿತ್ಸೆಯ ಹೊತ್ತಿಗೆ, ಸಣ್ಣ ಆಂಟೆನಾ ಇಟ್ಟು ಅಂಗಾಂಶದ ನೀರಿನ ಕಣಗಳನ್ನೇ ಅಲುಗಾಡಿಸಿ ಬಿಸಿ ಮಾಡುತ್ತಿದ್ದರು. ಅಡುಗೆಮನೆಯ ಓವನ್ನಿನ 2450 ಮೆಗಾಹರ್ಟ್ಸ್ ಅಲೆ ಅದರಲ್ಲೂ ಇತ್ತು. ಎಕ್ಸ್‌ರೇಯ ಹಾಗೆ ಡಿಎನ್‌ಎ ಮುರಿಯುವ ಶಕ್ತಿ ಆ ಅಲೆಗಿಲ್ಲ, ಬಿಸಿ ಮಾಡುವುದಷ್ಟೇ ಅದರ ಕೆಲಸ. ಅದು ಹಿಂದೆ ಸರಿದದ್ದು ಬೇರೆ ಕಾರಣಕ್ಕೆ: ಹೃದಯದ ಗೋಡೆಯ ಪೂರ್ತಿ ದಪ್ಪಕ್ಕೆ ಗಾಯ ಪ್ರತಿ ಸಲವೂ ಇಳಿಯುತ್ತಿರಲಿಲ್ಲ. ರೇಖೆಯಲ್ಲಿ ಗೇಣಗಲ ದರಕು ಉಳಿದರೂ ಬೆಂಕಿ ದಾಟುತ್ತದಲ್ಲ, ಹಾಗೆ. ಈಗ ಸಾಮಾನ್ಯವಾಗಿ ತೊಡೆಸಂದಿನ ರಕ್ತನಾಳದಿಂದ ಕ್ಯಾತಿಟರ್ ಎಂಬ ತೆಳು ನಳಿಕೆ ಏರಿಸಿ ರೇಡಿಯೋ ತರಂಗದಿಂದ ಸುಡುತ್ತಾರೆ, ಇಲ್ಲವೇ ಅತಿ ಶೀತದಿಂದ ಗಾಯ ಮಾಡುತ್ತಾರೆ.

ಅಪಾಯವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಎಡ ಮೇಲ್ಕೋಣೆಯ ಬೆನ್ನಿಗೇ ಅನ್ನನಾಳವಿದೆ, ಅದಕ್ಕೆ ಬಿಸಿ ತಾಗಬಾರದು. ಯಾವ ವಿಧಾನ, ಅನ್ನನಾಳವನ್ನು ಹೇಗೆ ಕಾಯುತ್ತೀರಿ ಎಂದು ಚೀಟಿಯಲ್ಲಿ ಬರೆದಿಡಿ. ಸೋಮವಾರ ವೈದ್ಯರ ಹತ್ತಿರ ನಾನೂ ಬರುತ್ತೇನೆ. ಇವತ್ತು ಮಾತ್ರೆ ನುಂಗಿದ ಮೇಲೆ ಇಲ್ಲಿ ಒಂದು ಮಾತು ಹಾಕಿ ಅತ್ತೆ, ಅಲ್ಲಿಯವರೆಗೆ ನಾನು ಮಲಗುವುದಿಲ್ಲ.