ಅಪ್‌ಡೇಟ್: ಬೋಶಾಂ ಅಲ್ಲ, ಬೀಚಮ್!

ಹೋದ ವಾರ ಕೇಳಿದ್ದೆ: ಇಂಗ್ಲೆಂಡಿನ ಬೀಚಮ್ ಮನೆತನದ ಹೆಸರನ್ನು ಬರೆಯುವುದು ಫ್ರೆಂಚ್ ಥರ (Beauchamp), ಆದರೆ 'ಬೋಶಾಂ' ಅನ್ನದೆ 'ಬೀಚಮ್' ಅಂತ ಓದುವುದು ಯಾಕೆ? ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಹುಡುಕುತ್ತಾ ಹೋದೆ, ತುಂಬಾ ಖುಷಿಯಾಯ್ತು.

ಹೆಸರಿನ ಅರ್ಥ 'ಚೆಂದದ ಹೊಲ'. ಹಳೇ ಲ್ಯಾಟಿನ್ ದಾಖಲೆಗಳಲ್ಲಿ 'ದೆ ಬೆಲ್ಲೊ ಕ್ಯಾಂಪೊ' ಅಂತಲೇ ಇದೆ. 1066ರಲ್ಲಿ ಉತ್ತರ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಬಂದ ಹೆಸರು. 1086ರ ಡೂಮ್ಸ್‌ಡೇ ಜಮೀನು ಲೆಕ್ಕದಲ್ಲಿ ಬೆಡ್‌ಫರ್ಡ್‌ಶೈರಿನ ಹ್ಯೂ ಬೀಚಮ್ ಇದ್ದಾನೆ.

ಉಚ್ಚಾರಣೆಯ ಗುಟ್ಟು ಇಲ್ಲಿದೆ. ಆಗಿನ ಫ್ರೆಂಚಿನಲ್ಲಿ 'ಚ' ಇತ್ತು. ಆಮೇಲೆ ಫ್ರಾನ್ಸಿನಲ್ಲಿ ಅದು 'ಶ' ಆಯಿತು, ಇಂಗ್ಲೆಂಡಿಗೆ ಬಂದದ್ದು ಹಾಗೇ ಉಳಿಯಿತು. 'ಚೇಂಬರ್', 'ಚೇರ್' ಕೂಡ ಹೀಗೇ ಬಂದವು. ತಡವಾಗಿ ಬಂದ 'ಮಶೀನ್'ಗೆ ಮಾತ್ರ 'ಶ'. ಅಂದ್ರೆ ಬೀಚಮ್ ತಪ್ಪು ಉಚ್ಚಾರಣೆ ಅಲ್ಲವೇ ಅಲ್ಲ, ಆ 'ಚ'ಕಾರ ಫ್ರಾನ್ಸಿನವರದ್ದಕ್ಕಿಂತ ಹಳೆಯದು!

1268ರಲ್ಲಿ ಇಂಗ್ಲೆಂಡಿನ ವಾರಿಕ್ ಊರಿನ ಅರ್ಲ್ (ದೊಡ್ಡ ಸರದಾರ) ಪದವಿ ಈ ಮನೆತನಕ್ಕೆ ಬಂತು. 1439ರಲ್ಲಿ ಫ್ರಾನ್ಸಿನ ರೂಆನ್‌ನಲ್ಲಿ ತೀರಿಕೊಂಡ ಅರ್ಲ್ ರಿಚರ್ಡ್ ಬೀಚಮ್‌ನ ಸಮಾಧಿ ವಾರಿಕ್‌ನ ಸೇಂಟ್ ಮೇರಿ ಚರ್ಚಿನಲ್ಲಿದೆ. ಅದರ ಫೋಟೊ ನೋಡ್ತಾ ಸುಮ್ನೆ ಕೂತುಬಿಟ್ಟೆ. ಚಿನ್ನದ ಲೇಪದ ಲೋಹದ ಮೂರ್ತಿ, ಮಲಗಿದ ಭಂಗಿ. ಕೈಗಳು ಮುಗಿದಿಲ್ಲ, ನಡುವೆ ಸ್ವಲ್ಪ ಜಾಗ ಬಿಟ್ಟು ಎತ್ತಿವೆ. ಕಾಲ ಬಳಿ ಒಂದು ಕರಡಿ. ಕೈಯ ನರಗಳೂ ಕಾಣುತ್ತವೆ.

ಆಮೇಲೆ ಗಂಡು ಸಂತಾನ ನಿಂತು, ಈ ರಿಚರ್ಡ್‌ನ ಮಗಳು ಆ್ಯನ್ ಮೂಲಕ ಪದವಿ ಅಳಿಯ ರಿಚರ್ಡ್ ನೆವಿಲ್‌ಗೆ ಹೋಯಿತು.