31 ಸಾಲು 4 ಕಾಲಂ ಮಳೆ ಮ್ಯಾಟ್ರಿಕ್ಸ್: ಟೆಕ್ಸ್ಟ್ ಫೈಲ್‌ಗೆ ಬರೆದ್ರೆ ಅಂಕಿ ಕಲಸಿಹೋಗ್ತಿದೆ

ಘಾಟಿ_ಮಳೆ: ಮೂರು ದಿನದಿಂದ ಇದೇ ಕೆಲಸ. ಜುಲೈ ತಿಂಗಳ ಮಳೆ ಲೆಕ್ಕ. ಮೊದಲ ಕಾಲಂ ತಾರೀಕು, ಆಮೇಲೆ ಆಗುಂಬೆ, ತೀರ್ಥಹಳ್ಳಿ, ಹೊಸನಗರ. ಸ್ಕ್ರೀನ್ ಮೇಲೆ ಮ್ಯಾಟ್ರಿಕ್ಸ್ ಸರಿಯಾಗೇ ಕಾಣುತ್ತೆ. ಫೈಲ್ ತೆಗೆದ್ರೆ ತಾರೀಕಿನ ಜಾಗದಲ್ಲಿ ಮಳೆ, ಮಳೆಯ ಜಾಗದಲ್ಲಿ ತಾರೀಕು. ಸಾಲು ಮಾತ್ರ 31, ಒಂದೂ ಕಮ್ಮಿ ಇಲ್ಲ. ಫಾರ್ಮ್ಯಾಟ್ ಸರಿಯಾಗಿ ಕೊಟ್ಟಿದೀನಿ. ಏನು ಮಾಡ್ಲಿ?

ತುಂಗಾ_ತೀರ: ನೋಟ್‌ಪ್ಯಾಡ್‌ನಲ್ಲಿ ತೆಗೀತಿದೀರಾ? ಸಾಲಿನ ಕೊನೆ ಗುರುತಿನ ಸಮಸ್ಯೆ ಅದು. ಫೈಲ್ ಓಪನ್ ಮಾಡುವಾಗ 'ಡಬ್ಲ್ಯೂ' ಬದಲು 'ಡಬ್ಲ್ಯೂಟಿ' ಕೊಡಿ, ಸರಿಹೋಗುತ್ತೆ.

ಘಾಟಿ_ಮಳೆ: ಕೊಟ್ಟೆ. ಹಾಗೇ ಇದೆ.

ತುಂಗಾ_ತೀರ: ಹಾಗಾದ್ರೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಹಾಕ್ಕೊಂಡು ಗುಪ್ತ ಅಕ್ಷರ ತೋರಿಸೋ ಬಟನ್ ಒತ್ತಿ. ಫಾಂಟ್ ಕೂಡ ಬದಲಿಸಿ ನೋಡಿ. ವಿಂಡೋಸ್ ಯಾವುದು?

ಶರಾವತಿ_ಕಣಿವೆ: ಮಾರಾಯ್ರೆ, 2018ರ ಅಪ್‌ಡೇಟ್ ಆದ್ಮೇಲೆ ನೋಟ್‌ಪ್ಯಾಡ್ ಎರಡೂ ಬಗೆಯ ಸಾಲಿನ ಕೊನೆಯನ್ನ ಓದುತ್ತೆ. ಗುರುತೇ ತಪ್ಪಿದ್ರೆ ಎಲ್ಲಾ ಒಂದೇ ಸಾಲಲ್ಲಿ ಅಂಟಿಕೊಂಡಿರ್ತಿತ್ತು, 31 ಸಾಲು ಎಲ್ಲಿಂದ ಬರ್ಬೇಕು? ಘಾಟಿಯವರೇ, ಯಾವ ಸಾಫ್ಟ್‌ವೇರ್? ಬರೆಯೋ ಆ ಒಂದು ಸಾಲು ಹಾಕಿ. ಫೈಲ್‌ನ 1ನೇ ಮತ್ತು 8ನೇ ಸಾಲೂ ಬೇಕು.

ಘಾಟಿ_ಮಳೆ: ಆಕ್ಟೇವ್, ಮ್ಯಾಟ್ರಿಕ್ಸ್ ಲೆಕ್ಕದ ಸಾಫ್ಟ್‌ವೇರ್. ಕೆಳಗೆ ಎ ಅಂದ್ರೆ ನನ್ನ ಮ್ಯಾಟ್ರಿಕ್ಸ್, ಎಫ್‌ಐಡಿ ಅಂದ್ರೆ ತೆರೆದ ಫೈಲ್‌ನ ಗುರುತು.

ಎಫ್‌ಪ್ರಿಂಟ್‌ಎಫ್(ಎಫ್‌ಐಡಿ, '%2ಡಿ %8.1ಎಫ್ %8.1ಎಫ್ %8.1ಎಫ್\ಎನ್', ಎ)

1ನೇ ಸಾಲು: 1, 2.0, 3.0, 4.0. 8ನೇ ಸಾಲು: 29, 30.0, 31.0, ಆಮೇಲೆ ಆಗುಂಬೆಯ 1ನೇ ತಾರೀಕಿನ ಅಳತೆ.

ಶರಾವತಿ_ಕಣಿವೆ: ಆ 8ನೇ ಸಾಲಲ್ಲೇ ಉತ್ತರ ಇದೆ. ಆಕ್ಟೇವ್, ಅದೇ ಥರದ ಮ್ಯಾಟ್‌ಲ್ಯಾಬ್ ಎರಡೂ ಮ್ಯಾಟ್ರಿಕ್ಸನ್ನ ಕಾಲಂ ಕಾಲಂ ಆಗಿ ಮೇಲಿಂದ ಕೆಳಗೆ ಓದುತ್ವೆ. ಮೊದಲು ತಾರೀಕು 31 ಮುಗೀಬೇಕು, ಆಮೇಲೆ ಆಗುಂಬೆ. ನಿಮ್ಮ ಫಾರ್ಮ್ಯಾಟ್ ನಾಲ್ಕು ನಾಲ್ಕು ಅಂಕಿ ತಗೊಂಡು ಸಾಲು ಮುರಿಯುತ್ತೆ. 31×4 ಅಂದ್ರೆ 124 ಅಂಕಿ, ಹೇಗೆ ಓದಿದ್ರೂ ನಾಲ್ಕರಂತೆ 31 ಸಾಲೇ. ಅದಕ್ಕೇ ಸಾಲಿನ ಲೆಕ್ಕ ನಂಬಿ ಮೋಸ ಹೋಗೋದು.

ಕೊನೆಯ ಎ ಪಕ್ಕ ಒಂದು ಸಿಂಗಲ್ ಕೋಟ್ ಹಾಕಿ: ಎ'. ಮ್ಯಾಟ್ರಿಕ್ಸ್ ಅಡ್ಡ ತಿರುಗಿ 4×31 ಆಗುತ್ತೆ, ಒಂದೊಂದು ದಿನವೂ ಒಂದೊಂದು ಕಾಲಂ ಆಗಿ ಕ್ರಮವಾಗಿ ಇಳಿಯುತ್ತೆ. ಬರೆದ ಮೇಲೆ ಎಫ್‌ಕ್ಲೋಸ್ ಮರೀಬೇಡಿ. ಫೈಲ್ ಮುಚ್ಚೋಕೆ ಮುಂಚೆ ತೆಗೆದು ನೋಡಿದ್ರೆ ಕೊನೆಯ ಸಾಲುಗಳು ಇಲ್ಲದೇ ಇರಬಹುದು.

ತುಂಗಾ_ತೀರ: ಇಷ್ಟೆಲ್ಲಾ ಯಾಕೆ? ಮ್ಯಾಟ್ರಿಕ್ಸನ್ನ ನೇರವಾಗಿ ಫೈಲ್‌ಗೆ ಬರೆಯೋ ಡಿಎಲ್‌ಎಂರೈಟ್ ಆಜ್ಞೆ ಹಾಕಿದ್ರೆ ಒಂದೇ ಸಾಲು, ತಿರುಗಿಸೋ ಗೋಜೇ ಇಲ್ಲ.

ಕೊಡಚಾದ್ರಿ_ಮೋಡ: ಆಕ್ಟೇವ್‌ನಲ್ಲಿ ತೊಂದರೆ ಇಲ್ಲ, ಮ್ಯಾಟ್‌ಲ್ಯಾಬ್‌ನಲ್ಲಿ ಹುಷಾರು. ಅಲ್ಲಿ ಡಿಎಲ್‌ಎಂರೈಟ್ ತಾನಾಗಿ ಉಳಿಸಿಕೊಳ್ಳೋದು ಐದೇ ಅಂಕಿ. ತಾರೀಕನ್ನ 20240715 ಅಂತ ಒಟ್ಟಿಗೆ ಬರೆದಿದ್ರೆ ಫೈಲ್‌ನಲ್ಲಿ 2.0241ಇ+07 ಆಗುತ್ತೆ, ಜುಲೈ 15 ಹೋಯ್ತು. ಪ್ರಿಸಿಷನ್‌ಗೆ '%.10ಜಿ' ಕೊಡ್ಲೇಬೇಕು. 2019ರ ನಂತರದ ಮ್ಯಾಟ್‌ಲ್ಯಾಬ್ ಇದ್ರೆ ರೈಟ್‌ಮ್ಯಾಟ್ರಿಕ್ಸ್ ಬಳಸಿ.

ತುಂಗಾ_ತೀರ: ಅವರು ಕೇಳಿದ್ದು ಆಕ್ಟೇವ್ ಬಗ್ಗೆ ಸರ್.

ಕೊಡಚಾದ್ರಿ_ಮೋಡ: ಮುಂದೆ ಇದನ್ನ ಓದೋರೆಲ್ಲ ಆಕ್ಟೇವ್ ಬಳಸಲ್ಲ. ನಂದು ಪೂರ್ತಿ ಪೈಥಾನ್, ನಂಪೈನ ಸೇವ್‌ಟೆಕ್ಸ್ಟ್. ಸಾಲು ಸಾಲಾಗೇ ಬರೆಯುತ್ತೆ, ತಿರುಗಿಸಬೇಕಿಲ್ಲ. ಫಾರ್ಮ್ಯಾಟ್ ಕೊಡದಿದ್ರೆ ಮಾತ್ರ ದಶಮಾಂಶದ ನಂತರ 18 ಸ್ಥಾನ ಸುರೀತದೆ.

ಘಾಟಿ_ಮಳೆ: ಕೋಟ್ ಹಾಕಿದೆ, ಕೂತ್ಕೊಂಡ್ತು! ತುಂಬಾ ಧನ್ಯವಾದ. ಈಗ ಮೇಲೆ ಕನ್ನಡದಲ್ಲಿ ಊರ ಹೆಸರು ಹಾಕಿದ್ರೆ ಕಾಲಂಗೆ ಸರಿಯಾಗಿ ಕೂರ್ತಿಲ್ಲ. %10ಎಸ್ ಕೊಟ್ಟಿದೀನಿ.

ಶರಾವತಿ_ಕಣಿವೆ: ಆಕ್ಟೇವ್ ಎಣಿಸೋದು ಬೈಟ್, ಅಕ್ಷರ ಅಲ್ಲ. ಯುಟಿಎಫ್-8 ಅನ್ನೋ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಕೊಂಬು, ದೀರ್ಘ, ಸೊನ್ನೆಗೂ ಅಷ್ಟೇ. 'ಆಗುಂಬೆ' 18 ಬೈಟ್. 10ಕ್ಕಿಂತ ಆಗಲೇ ಜಾಸ್ತಿ ಆಯ್ತಲ್ಲ, ಹಾಗಾಗಿ ಖಾಲಿ ಜಾಗ ಒಂದೂ ಸೇರಲ್ಲ. ಅಗಲ ಹೆಚ್ಚಿಸಿದ್ರೂ ಉಪಯೋಗ ಇಲ್ಲ, ಕನ್ನಡ ಅಕ್ಷರಗಳ ಅಗಲ ಒಂದೇ ಸಮ ಇರಲ್ಲ. ತಲೆಸಾಲಲ್ಲೂ ಅಂಕಿ ಸಾಲಲ್ಲೂ ಖಾಲಿ ಜಾಗ ತೆಗೆದು ಟ್ಯಾಬ್ ಹಾಕಿ. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆಯುವಾಗ ಯುಟಿಎಫ್-8, ಟ್ಯಾಬ್ ಎರಡನ್ನೂ ಆರಿಸಿ.

ಇನ್ನೊಂದು: ಅಳತೆ ತಪ್ಪಿದ ದಿನಕ್ಕೆ ಸೊನ್ನೆ ಹಾಕ್ಬೇಡಿ, ನ್ಯಾನ್ (ಅಂಕಿ ಇಲ್ಲ ಅನ್ನೋ ಗುರುತು) ಹಾಕಿ. %8.1ಎಫ್ ಅದನ್ನೂ ಅದೇ ಅಗಲದಲ್ಲಿ ಬರೆಯುತ್ತೆ. ಸೊನ್ನೆ ಅಂದ್ರೆ ಮಳೆ ಬಂದಿಲ್ಲ ಅಂತ, ಅದು ಬೇರೆ ಮಾತು.

ಘಾಟಿ_ಮಳೆ: ಟ್ಯಾಬ್ ಸರಿ ಆಯ್ತು. ಕಾಲಂ ನೆಟ್ಟಗಾದ್ಮೇಲೆ ಒಂದು ಕಣ್ಣಿಗೆ ಬಿತ್ತು. ಹೊಸನಗರದಲ್ಲಿ ಎರಡು ದಿನ ಸರಿಯಾಗಿ 200.0 ಅಂತಲೇ ಇದೆ. ಇದೂ ಫಾರ್ಮ್ಯಾಟ್ ತಪ್ಪಾ?

ಕೊಡಚಾದ್ರಿ_ಮೋಡ: ಅಲ್ಲ, ಅದು ಮಳೆ ಮಾಪಕದ್ದೇ ಇರ್ಬೇಕು. 200 ಚದರ ಸೆಂಮೀ ಬಾಯಿಗೆ 4 ಲೀಟರ್ ಬಾಟಲಿ ಇಟ್ರೆ ಸರಿಯಾಗಿ 200 ಮಿಮೀಗೆ ತುಂಬುತ್ತೆ. ಮೇಲಿನ ನೀರು ಹೊರಪಾತ್ರೆಗೆ ಚೆಲ್ಲುತ್ತೆ, ಬೆಳಿಗ್ಗೆ 8:30ಕ್ಕೆ ಅದನ್ನೂ ಅಳೆದು ಕೂಡಿಸಬೇಕು. ನಮ್ಮ ಕಡೆ ಮಳೆಗೆ 10 ಲೀಟರ್ ಬಾಟಲಿಯೇ ಸರಿ, 500 ಮಿಮೀ ತನಕ ತಡೆಯುತ್ತೆ. ಅಲ್ಲಿರೋದು ಯಾವ ಬಾಟಲಿ?

ತುಂಗಾ_ತೀರ: ಆ ಎರಡು ದಿನಕ್ಕೂ ನ್ಯಾನ್ ಹಾಕಿಬಿಡಿ.

ಶರಾವತಿ_ಕಣಿವೆ: ಬೇಡ. ಕಮ್ಮಿ ಅಂದ್ರೂ 200 ಬಿದ್ದಿದೆ ಅನ್ನೋದು ಗೊತ್ತಲ್ಲ, ಅದನ್ನ ಯಾಕೆ ಕಳ್ಕೋಬೇಕು? ಐದನೇ ಕಾಲಂ ಮಾಡಿ ಆ ದಿನಗಳಿಗೆ 1, ಉಳಿದದ್ದಕ್ಕೆ 0 ಹಾಕಿ. ಫಾರ್ಮ್ಯಾಟ್‌ಗೂ ಕೊನೆಯಲ್ಲಿ, \ಎನ್‌ಗೆ ಮುಂಚೆ, ಒಂದು %2ಡಿ ಸೇರಿಸಿ, ಇಲ್ದಿದ್ರೆ ಅಂಕಿ ಮತ್ತೆ ಕಲಸಿಹೋಗುತ್ತೆ.