ಅಪ್‌ಡೇಟ್: ಸ್ಪೆಕ್ಟ್ರಮ್ ಮೇಲಿನ ಕ್ಲಿಕ್ ಕೊನೆಗೂ ಸರಿಹೋಯಿತು

ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ (ಗ್ರಾಫ್ ಬಿಡಿಸುವ ಪೈಥಾನ್ ಲೈಬ್ರರಿ) ಬಿಡಿಸಿದ ಆಡಿಯೋ ಸ್ಪೆಕ್ಟ್ರಮ್ (ಯಾವ ಫ್ರೀಕ್ವೆನ್ಸಿಯಲ್ಲಿ ಶಬ್ದ ಎಷ್ಟಿದೆ ಅಂತ ತೋರಿಸುವ ಗ್ರಾಫ್) ಮೇಲೆ ಕ್ಲಿಕ್ ಮಾಡಿದರೆ ಫ್ರೀಕ್ವೆನ್ಸಿ ಬದಲು ಏನೇನೋ ಸಂಖ್ಯೆ ಬರುತ್ತಿದೆ ಅಂತ ಕೇಳಿದ್ದೆ. ತಪ್ಪು ನನ್ನದೇ. ಈವೆಂಟ್‌ನ (ಕ್ಲಿಕ್ ಆದಾಗ ಪ್ರೋಗ್ರಾಂಗೆ ಸಿಗುವ ಮಾಹಿತಿ) ‘ಎಕ್ಸ್’ ಓದುತ್ತಿದ್ದೆ, ಅದು ಪಿಕ್ಸೆಲ್ ಲೆಕ್ಕ. ‘ಎಕ್ಸ್‌ಡೇಟಾ’ ಓದಿದರೆ ನೇರವಾಗಿ ಹರ್ಟ್ಸ್ ಸಿಗುತ್ತದೆ, ಲಾಗ್ ಸ್ಕೇಲ್ (ಸಮ ಅಂತರಕ್ಕೆ ಸಮ ಪಟ್ಟು ಏರುವ ಅಳತೆ) ಇದ್ದರೂ ಕೂಡ. ಗ್ರಾಫ್‌ನ ಹೊರಗೆ ಒತ್ತಿದರೆ ಮಾತ್ರ ‘None’ (ಬೆಲೆ ಇಲ್ಲ ಅಂತ) ಬರುತ್ತದೆ, ಅದನ್ನು ಮೊದಲೇ ನೋಡಿಕೊಳ್ಳಬೇಕು.

ಆಮೇಲೆ ಬಿನ್ ವಿಷಯ, ಅಂದರೆ ಸ್ಪೆಕ್ಟ್ರಮ್ ಹಂಚಿಹೋಗುವ ಸಣ್ಣ ಸಣ್ಣ ಫ್ರೀಕ್ವೆನ್ಸಿ ತುಂಡುಗಳು. ನನ್ನ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಧ್ವನಿಯನ್ನು ಅಳೆಯುವ ಸಲ) 44100, ಎಫ್‌ಎಫ್‌ಟಿ (ಧ್ವನಿಯನ್ನು ಫ್ರೀಕ್ವೆನ್ಸಿಗಳಾಗಿ ಬಿಡಿಸುವ ಲೆಕ್ಕ) ಉದ್ದ 4096 ಸ್ಯಾಂಪಲ್. ಅಂದರೆ ಒಂದು ಬಿನ್‌ಗೆ ಸುಮಾರು 10.77 ಹರ್ಟ್ಸ್. 440ರ ಮೇಲೆ ಒತ್ತಿದರೆ 41ನೇ ಬಿನ್ ಸಿಗುತ್ತದೆ, ತೋರಿಸುವುದು 441.4. ಮೌಸ್ ಕೂಡ ಸರಿಯಾಗಿ ಗ್ರಾಫ್‌ನ ಶಿಖರದ ತುದಿಯ ಮೇಲೇ ನಿಲ್ಲುವುದಿಲ್ಲ, ಅಲ್ವಾ? ಅದಕ್ಕೇ ಆಚೀಚೆ ಮೂರು ಬಿನ್ ಹುಡುಕಿ, ಎಲ್ಲಕ್ಕಿಂತ ಎತ್ತರದ್ದನ್ನು ಆರಿಸುತ್ತಿದ್ದೇನೆ.

ಝೂಮ್ ಮಾಡಲು ಒತ್ತಿದ್ದೂ ಕ್ಲಿಕ್ ಅಂತಲೇ ಲೆಕ್ಕವಾಗುತ್ತಿದೆ. ಅದೊಂದು ಬಾಕಿ.